ಕೆಲಸದಲ್ಲಿರುವುದೇ ಅನರ್ಹತೆಯೆ? ಉನ್ನತ ಶಿಕ್ಷಣ ಸಚಿವರಿಗೆ ಕೊಡಗಿನ ಶಿಕ್ಷಕಿಯ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಈ ಪತ್ರದಲ್ಲಿ ವರ್ಗಾವಣೆಯ ಕೋರಿಕೆ ಇಲ್ಲ, ಬಡ್ತಿಯ ಮಾತಿಲ್ಲ, ವೇತನ ತಾರತಮ್ಯದ ಅಳಲೂ ಇಲ್ಲ. ಶಾಲಾ ಶಿಕ್ಷಕಿಯ ಪತ್ರವೆಂದ ಮೇಲೆ ಈ ಮೂರರಲ್ಲಿ ಒಂದಾದರೂ ಇರಬೇಕೆಂದು ಭಾವಿಸಿ ನಿಮ್ಮ ಕಚೇರಿಯವರು ಇದನ್ನು ಬೇರೆ ಇಲಾಖೆಗೆ ಸಾಗಹಾಕುವ ಮೊದಲು ತಾವು ಒಮ್ಮೆ ಕಣ್ಣಾಡಿಸಬೇಕು. ನಾನು ಕೇಳುತ್ತಿರುವುದು ಇಷ್ಟೇ. ಶಾಲೆಯಲ್ಲಿ ಪಾಠ ಮಾಡುತ್ತಲೇ ಡಾಕ್ಟರೇಟ್ ಮಟ್ಟದ ಅಧ್ಯಯನಕ್ಕೆ ಇಳಿಯಬಯಸುವ ಶಿಕ್ಷಕರಿಗಾಗಿ ಶಿಕ್ಷಣದಲ್ಲಿ ವೃತ್ತಿಪರ ಡಾಕ್ಟರೇಟ್ ಎಂಬ ದಾರಿಯನ್ನು ಕರ್ನಾಟಕದಲ್ಲಿ ತೆರೆಯಿರಿ. ಅದಕ್ಕೆ ಕಾಲ ಹಿಡಿಯುತ್ತದೆ ಎಂದಾದರೆ, ಈಗಿರುವ ಪಿಎಚ್.ಡಿ.ಯ ಬಾಗಿಲಿನವರೆಗಾದರೂ ನಮ್ಮನ್ನು ತಲುಪಿಸುವ ಒಂದು ವರ್ಷದ ಪೂರ್ವಸಿದ್ಧತಾ ತರಗತಿಯನ್ನು ಕೊಡಗಿನಲ್ಲೇ ಆರಂಭಿಸಿ.

ಕೊಡಗೇ ಯಾಕೆ ಎಂದು ಕೇಳಬಹುದು. ನಾನು ಪಾಠ ಮಾಡುವುದು ವಿರಾಜಪೇಟೆ ತಾಲ್ಲೂಕಿನ ಕಾಫಿ ತೋಟಗಳ ನಡುವಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ನವೆಂಬರಿನ ಹೊತ್ತಿಗೆ ಅರೇಬಿಕಾ ಕೊಯ್ಲು ಹಿಡಿಯುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ. ಆ ತಿಂಗಳುಗಳ ಹಾಜರಿ ಪುಸ್ತಕ ತೆರೆದರೆ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟಿರುತ್ತದೆ. ತುಸು ನಿಧಾನವಾಗಿ ನೋಡಿದರೆ ಅದರಲ್ಲಿ ಒಂದು ಕ್ರಮ ಕಾಣುತ್ತದೆ. ಗಂಡು ಹುಡುಗರು ವಾರಗಟ್ಟಲೆ ಬಾರದೆ, ಮತ್ತೆ ಒಂದು ದಿನ ಏನೂ ಆಗದವರಂತೆ ಬಂದು ಕೂರುತ್ತಾರೆ. ಆರನೇ, ಏಳನೇ ತರಗತಿಯ ಹೆಣ್ಣುಮಕ್ಕಳು ಬೆಳಿಗ್ಗೆ ಹಾಜರಿ ಕೂಗುವಾಗ ಇರುತ್ತಾರೆ, ಬಿಸಿಯೂಟ ಮುಗಿದ ಮೇಲೆ ಇರುವುದಿಲ್ಲ. ಕೊಯ್ದ ಹಣ್ಣನ್ನು ತೂಕಕ್ಕೆ ಇಡುವುದು ಸಂಜೆಗೆ. ತಾಯಿ ಅಲ್ಲಿಂದ ಬರುವವರೆಗೆ ಮನೆಯ ಕೂಸನ್ನು ನೋಡಿಕೊಳ್ಳುವವಳು ಈ ಅಕ್ಕ. ಹಾಜರಿ ಪುಸ್ತಕದ ಲೆಕ್ಕದಲ್ಲಿ ಅವಳು ಆ ದಿನ ಶಾಲೆಯಲ್ಲಿದ್ದಾಳೆ. ಅವಳಿಗೆ ಮಧ್ಯಾಹ್ನದ ಗಣಿತ ಇಡೀ ಕೊಯ್ಲಿನ ಕಾಲದಲ್ಲಿ ಒಂದು ದಿನವೂ ಸಿಕ್ಕಿಲ್ಲ ಎಂಬುದು ಯಾವ ತಂತ್ರಾಂಶದಲ್ಲೂ ದಾಖಲಾಗುವುದಿಲ್ಲ.

ಇದರ ಜೊತೆಗೆ ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯಿಂದ ಬಂದ ಕಾರ್ಮಿಕರ ಮಕ್ಕಳಿದ್ದಾರೆ. ವರ್ಗಾವಣೆ ಪತ್ರ ತಡವಾಯಿತು ಎಂಬ ಕಾರಣಕ್ಕೆ ಮಗುವನ್ನು ಹೊರಗಿಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ನಾವು ಸೇರಿಸಿಕೊಳ್ಳುತ್ತೇವೆ. ಸೇರಿಸಿಕೊಂಡ ಮೇಲೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿದ, ಕನ್ನಡದ ಒಂದಕ್ಷರವೂ ತಿಳಿಯದ ಮಗುವಿಗೆ ಆರು ತಿಂಗಳಲ್ಲಿ ಏನನ್ನು ಮೊದಲು ಕಲಿಸಬೇಕು? ಯರವ ಬುಡಕಟ್ಟಿನವರ ಹಾಡಿಯಿಂದ ಬರುವ ಮಗುವಿಗೆ ಮನೆಯ ಮಾತು ಒಂದು, ತೋಟದ ಮಾತು ಇನ್ನೊಂದು, ಪುಸ್ತಕದ್ದು ಮತ್ತೊಂದು. ಇನ್ನು ಮಳೆ. ರಜೆ ಘೋಷಿಸಿದ ದಿನಗಳನ್ನು ಶನಿವಾರ ಪೂರ್ತಿ ಶಾಲೆ ನಡೆಸಿ ಸರಿದೂಗಿಸುತ್ತೇವೆ. ದಿನಗಳ ಲೆಕ್ಕ ಸರಿಹೋಗುತ್ತದೆ, ಪಾಠದ ಲೆಕ್ಕ ಸರಿಹೋಗುತ್ತದೆಯೇ? 2018ರ ಆಗಸ್ಟಿನ ಭೂಕುಸಿತದ ನಂತರ ಮನೆ ಕಳೆದುಕೊಂಡು ಬೇರೆ ಊರಿನ ಶಾಲೆಗೆ ಸೇರಿದ ಮಕ್ಕಳು ಮುಂದೆ ಎಲ್ಲಿಯವರೆಗೆ ಓದಿದರು?

ಇವೆಲ್ಲ ಸಂಶೋಧನೆಯ ಪ್ರಶ್ನೆಗಳು. ಉತ್ತರದ ಅರ್ಧ ಭಾಗ ಶಿಕ್ಷಕರ ಮೇಜಿನ ಡ್ರಾಯರಿನಲ್ಲೇ ಇದೆ. ಉಳಿದರ್ಧಕ್ಕೆ ಬೇಕಾದದ್ದು ವಿಧಾನ, ಮಾರ್ಗದರ್ಶನ, ಸಮಯ. ಇವು ಮೂರೂ ವಿಶ್ವವಿದ್ಯಾಲಯದ ಕೈಯಲ್ಲಿವೆ.

ಹೊರದೇಶಗಳಲ್ಲಿ ಇಂಥ ಪ್ರಶ್ನೆಗಳನ್ನು ಹೊತ್ತವರಿಗೆಂದೇ ಡಾಕ್ಟರ್ ಆಫ್ ಎಜುಕೇಶನ್ ಎಂಬ ಪದವಿ ಇದೆ. ಚಿಕ್ಕದಾಗಿ ಎಡ್.ಡಿ. ಎನ್ನುತ್ತಾರೆ, ನಮ್ಮ ಡಿ.ಎಡ್.ಗೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1920ರಲ್ಲಿ ಶಿಕ್ಷಣಕ್ಕೆಂದು ಪ್ರತ್ಯೇಕ ಶಾಲೆ ತೆರೆದಾಗ ಈ ಪದವಿಯನ್ನು ಶುರುಮಾಡಿತು. ಬ್ರಿಟನ್ನಿನಲ್ಲಿ ಇದನ್ನು ಮೊದಲು ತಂದದ್ದು ಬ್ರಿಸ್ಟಲ್ ವಿಶ್ವವಿದ್ಯಾಲಯ, 1992ರಲ್ಲಿ. ಅಲ್ಲೆಲ್ಲ ಪ್ರವೇಶಕ್ಕೆ ಸಾಮಾನ್ಯವಾಗಿ ಕೇಳುವುದು ಒಂದು ಸ್ನಾತಕೋತ್ತರ ಪದವಿ, ಶಿಕ್ಷಣ ಕ್ಷೇತ್ರದಲ್ಲಿ ಕೆಲವು ವರ್ಷಗಳ ಅನುಭವ, ಅರ್ಜಿದಾರರನ್ನು ಕೆಲಸದಲ್ಲಿ ಕಂಡವರ ಶಿಫಾರಸು ಪತ್ರಗಳು, ಮತ್ತು ತನ್ನ ಕೆಲಸದ ಜಾಗದಲ್ಲಿ ತಾನೇ ಎದುರಿಸುತ್ತಿರುವ ಒಂದು ಸಮಸ್ಯೆಯನ್ನು ವಿವರಿಸುವ ಬರಹ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಇದರ ಜೊತೆ ಸಂಶೋಧನಾ ಪ್ರಸ್ತಾವವನ್ನು, ಹೊರಗಿನವರಿಗಾದರೆ ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ಕೇಳುತ್ತವೆ. ಒಂದೇ ವರ್ಷ ಸೇರಿದವರು ಒಂದು ತಂಡವಾಗಿ ಓದುತ್ತಾರೆ. ಮೊದಲು ತರಗತಿ ಮತ್ತು ಕಿರುಬರಹಗಳು, ಆಮೇಲೆ ಪಿಎಚ್.ಡಿ.ಗಿಂತ ಗಾತ್ರದಲ್ಲಿ ಚಿಕ್ಕದಾದ, ಆದರೆ ಅದೇ ಮಟ್ಟದ ಮೌಲ್ಯಮಾಪನಕ್ಕೆ ಒಳಪಡುವ ಪ್ರಬಂಧ. ವಾರಾಂತ್ಯ, ರಜಾ ದಿನಗಳನ್ನು ನೋಡಿಕೊಂಡು ತರಗತಿಗಳನ್ನು ಹೊಂದಿಸುವುದೂ ಉಂಟು.

ಆ ಪದವಿಯನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಅದೊಂದು ಹಗುರ ಪಿಎಚ್.ಡಿ. ಎಂಬ ಗೇಲಿ ಅಮೆರಿಕದಲ್ಲೇ ಬಹಳ ಕಾಲ ಇತ್ತು. ಎರಡರ ನಡುವೆ ವ್ಯತ್ಯಾಸವೇ ಉಳಿದಿಲ್ಲ ಎಂಬ ಟೀಕೆಯ ನಡುವೆ ಕಳೆದ ದಶಕದಲ್ಲಿ ಹಾರ್ವರ್ಡ್ ತಾನೇ ಶುರುಮಾಡಿದ ಎಡ್.ಡಿ.ಯನ್ನು ಕೈಬಿಟ್ಟು, ಸಂಶೋಧಕರಿಗೆ ಪಿಎಚ್.ಡಿ.ಯನ್ನೂ ಶಿಕ್ಷಣ ವ್ಯವಸ್ಥೆಯನ್ನು ಮುನ್ನಡೆಸುವವರಿಗೆ ಬೇರೊಂದು ಡಾಕ್ಟರೇಟನ್ನೂ ಇಟ್ಟುಕೊಂಡಿತು. ಇನ್ನೊಂದೆಡೆ 2007ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಆಶ್ರಯದಲ್ಲಿ ಹಲವು ವಿಶ್ವವಿದ್ಯಾಲಯಗಳು ಒಟ್ಟಾಗಿ, ವೃತ್ತಿಯ ಒಳಗಿನ ಸಮಸ್ಯೆಯೇ ಪ್ರಬಂಧದ ಕೇಂದ್ರವಾಗಬೇಕೆಂದು ಈ ಪದವಿಯನ್ನು ಮತ್ತೆ ಕಟ್ಟಲು ಹೊರಟವು. ನಾವು ನಕಲು ಮಾಡಬೇಕಾಗಿಲ್ಲ. ಒಂದು ಅಂಶವನ್ನು ಮಾತ್ರ ತಾವು ಗಮನಿಸಬೇಕು: ಅಲ್ಲಿ ಕೆಲಸದಲ್ಲಿರುವುದು ಪ್ರವೇಶದ ಅರ್ಹತೆ, ನಮ್ಮಲ್ಲಿ ಅದೇ ಮೊದಲ ಅಡ್ಡಿ.

ನಮ್ಮ ನಿಯಮಕ್ಕೆ ಬರುತ್ತೇನೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು, ಆರ್ಥಿಕವಾಗಿ ದುರ್ಬಲರು, ಇವರಿಗೆ ಶೇ 5ರ ವಿನಾಯಿತಿ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರಂತೂ ಸ್ನಾತಕೋತ್ತರ ಪದವಿಯೇ ಇಲ್ಲದೆ ಅರ್ಜಿ ಹಾಕಬಹುದು. ಎಂದರೆ, ಶಾಲೆಯ ಒಳಗೆ ಒಂದು ದಿನವೂ ಪಾಠ ಮಾಡದ ಇಪ್ಪತ್ತೆರಡರ ಯುವಕ ಶಿಕ್ಷಣದಲ್ಲಿ ಡಾಕ್ಟರೇಟಿಗೆ ಅರ್ಹನಾಗಬಹುದು. ಅವನ ಮೇಲೆ ನನಗೆ ಮುನಿಸಿಲ್ಲ. ಆದರೆ ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ. ಒಂದರಿಂದ ಮೂರರವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ನಲಿಕಲಿ ಎಂಬ ಆಟ, ಕಾರ್ಡುಗಳ ಕಲಿಕಾ ಪದ್ಧತಿಯ ತಟ್ಟೆಗಳ ಸುತ್ತ ಕೂರಿಸಿ, ಯಾವ ಮಗು ಯಾವ ಮೈಲಿಗಲ್ಲಿನಲ್ಲಿ ಎಷ್ಟು ದಿನ ಸಿಕ್ಕಿಹಾಕಿಕೊಂಡಿತು ಎಂದು ವರ್ಷಗಳಿಂದ ನೋಟ್‌ಬುಕ್‌ಗಳಲ್ಲಿ ಬರೆದಿಟ್ಟವರು. ಕಳೆಯುವ ಲೆಕ್ಕದ ಒಂದು ಕಾರ್ಡಿನಲ್ಲಿ ಹೆಚ್ಚಿನ ಮಕ್ಕಳು ನಿಲ್ಲುವುದನ್ನು ಕಂಡು, ಅದಕ್ಕೆ ಮೊದಲು ಆಡಿಸಬೇಕಾದ ಒಂದು ಆಟವನ್ನು ತಾವೇ ಕಟ್ಟಿ, ಆಟಕ್ಕೆ ಮೊದಲು ಎಷ್ಟು ದಿನ, ಆಟದ ನಂತರ ಎಷ್ಟು ದಿನ ಎಂದು ಪಕ್ಕಪಕ್ಕದಲ್ಲಿ ಬರೆದಿದ್ದಾರೆ. ಅವರ ಎಂ.ಎಡ್. ಅಂಕ ಶೇ 55ಕ್ಕೆ ಕೂದಲೆಳೆಯಷ್ಟು ಕಡಿಮೆ, ವಿನಾಯಿತಿಯ ಪಟ್ಟಿಗೂ ಸೇರುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು. ಆ ನೋಟ್‌ಬುಕ್‌ಗಳನ್ನು ತೆರೆದು ನೋಡುವ ಜಾಗ ಅರ್ಜಿ ನಮೂನೆಯಲ್ಲಿ ಎಲ್ಲೂ ಇಲ್ಲ.

ಅಂಕ ಇದ್ದವರಿಗೆ ಮುಂದಿನ ಬಾಗಿಲು ಪ್ರವೇಶ ಪರೀಕ್ಷೆ. 2024ರಿಂದ ಯುಜಿಸಿಯು ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕಗಳ ಆಧಾರದ ಮೇಲೆಯೇ ಪಿಎಚ್.ಡಿ. ಪ್ರವೇಶಕ್ಕೆ ದಾರಿ ಮಾಡಿದೆ. ಫೆಲೋಶಿಪ್ ಸಿಗದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ, ಆ ಅಂಕದ ಸಿಂಧುತ್ವ ಒಂದು ವರ್ಷ. ಅರ್ಜಿ ಒಂದು, ಪರೀಕ್ಷೆ ಒಂದು ಎಂಬ ಅನುಕೂಲವನ್ನು ಒಪ್ಪುತ್ತೇನೆ. ಆದರೆ ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಇಡೀ ವೃತ್ತಿಜೀವನ ಕನ್ನಡದಲ್ಲಿ ಕಲಿಸಿದವರು, ಕನ್ನಡದಲ್ಲೇ ಬಿ.ಎಡ್. ಓದಿದವರು, ತಮ್ಮದೇ ಕಸುಬಿನ ಬಗೆಗಿನ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಗಡಿಯಾರ ನೋಡುತ್ತ ಒದ್ದಾಡಬೇಕು. ಇಂಗ್ಲಿಷ್ ಕಲಿಯಬೇಕಾದದ್ದೇ, ಸಂಶೋಧನೆಯ ಬಹುಪಾಲು ಓದು ಅದರಲ್ಲಿದೆ. ಅದನ್ನು ಕಲಿಸುವ ಏರ್ಪಾಡು ಪರೀಕ್ಷೆಗೆ ಮೊದಲು ಇರಬೇಕಲ್ಲವೇ? ಇಂದು ಇರುವುದು ಪರೀಕ್ಷೆ ಮಾತ್ರ.

ಒಂದು ಕಾಲದಲ್ಲಿ ಈ ಏರ್ಪಾಡು ಅರೆಬರೆಯಾಗಿಯಾದರೂ ಇತ್ತು, ಅದರ ಹೆಸರು ಎಂ.ಫಿಲ್. ವಿಷಯ ಆರಿಸುವುದು, ಹಿಂದಿನ ಅಧ್ಯಯನಗಳನ್ನು ಓದುವುದು, ಚಿಕ್ಕ ಪ್ರಬಂಧ ಬರೆದು ಬೈಸಿಕೊಳ್ಳುವುದು, ಇವನ್ನೆಲ್ಲ ಅಲ್ಲಿ ಕಲಿಯುತ್ತಿದ್ದರು. 2022ರ ನಿಯಮಾವಳಿ ಅದನ್ನು ನಿಲ್ಲಿಸಿತು. ನಿಲ್ಲಿಸಿದ್ದಕ್ಕೆ ಕಾರಣಗಳಿರಬಹುದು, ದೂರಶಿಕ್ಷಣದ ಹೆಸರಿನಲ್ಲಿ ಎಂ.ಫಿಲ್. ಹಂಚಿದ ಅಂಗಡಿಗಳನ್ನು ನಾವೂ ಕಂಡಿದ್ದೇವೆ. ಆದರೆ ಮೆಟ್ಟಿಲು ತೆಗೆದ ಜಾಗದಲ್ಲಿ ಏನನ್ನೂ ಇಡಲಿಲ್ಲ. ಎಂ.ಎಡ್. ಮುಗಿಸಿ ಹತ್ತು ಹದಿನೈದು ವರ್ಷ ಪಾಠ ಮಾಡಿದವರು ಈಗ ನೇರವಾಗಿ ಪಿಎಚ್.ಡಿ. ಪ್ರಸ್ತಾವ ಬರೆಯಬೇಕು. ಪ್ರಸ್ತಾವ ಬರೆದುಕೊಡುವ ಅಂಗಡಿಗಳು ಹುಟ್ಟಿಕೊಂಡಿರುವುದು ಆ ಖಾಲಿ ಜಾಗದಲ್ಲೇ. ದರ ಎಷ್ಟೆಂದು ಯಾವ ಸಿಬ್ಬಂದಿ ಕೊಠಡಿಯಲ್ಲಿ ಕೇಳಿದರೂ ಹೇಳುತ್ತಾರೆ.

ಈಗ ನಿರಾಕ್ಷೇಪಣಾ ಪತ್ರದ ವಿಷಯ. ಅರೆಕಾಲಿಕ ಪಿಎಚ್.ಡಿ.ಗೆ ನಿಯಮಾವಳಿ ಅವಕಾಶ ಕೊಟ್ಟಿದೆ, ಅದಕ್ಕೆ ಧನ್ಯವಾದ. ಷರತ್ತು ಏನೆಂದರೆ, ಕೆಲಸ ಕೊಟ್ಟ ಸಂಸ್ಥೆ ಮೂರು ಮಾತು ಬರೆದುಕೊಡಬೇಕು: ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಕೊಡಲು ಇವರ ಕರ್ತವ್ಯ ಅಡ್ಡಿಯಾಗದು, ಬೇಕಾದರೆ ಕೋರ್ಸ್‌ವರ್ಕ್ (ಸಂಶೋಧನೆಗೆ ಮೊದಲಿನ ತರಗತಿಗಳು) ಮುಗಿಸಲು ಕೆಲಸದಿಂದ ಬಿಡುಗಡೆ ಮಾಡುತ್ತೇವೆ. ಮೂರೇ ವಾಕ್ಯ. ನಾನು ಇದಕ್ಕಾಗಿ ಮೇಲಧಿಕಾರಿಗಳ ಮುಖಾಂತರ ಅರ್ಜಿ ಹಾಕಿದೆ. ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಯಿತು. ಬದಲಿ ಶಿಕ್ಷಕರ ವ್ಯವಸ್ಥೆ ಏನು ಎಂಬ ಷರಾ ಹೊತ್ತು ವಾಪಸ್ ಬಂತು. ಮುಖ್ಯಶಿಕ್ಷಕರು ಹೊಂದಾಣಿಕೆ ಮಾಡಿಕೊಳ್ಳುತ್ತೇವೆ ಎಂದು ಬರೆದು ಮತ್ತೆ ಕಳಿಸಿದರು. ಈ ಬಾರಿ ಪ್ರವೇಶ ಪಡೆದ ಬಗ್ಗೆ ದಾಖಲೆ ಲಗತ್ತಿಸಿ ಎಂದು ಬಂತು. ಪ್ರವೇಶಕ್ಕೆ ಈ ಪತ್ರ ಬೇಕು, ಈ ಪತ್ರಕ್ಕೆ ಪ್ರವೇಶ ಬೇಕು. ಕಡತದ ಮೇಲೆ ಹಸಿರು ಶಾಯಿಯ ಸಹಿಗಳು ಹೆಚ್ಚುತ್ತಾ ಹೋದವು, ಕೊನೆಯ ದಿನಾಂಕ ತನ್ನ ಪಾಡಿಗೆ ಕಳೆದುಹೋಯಿತು. ಯಾರೂ ಲಂಚ ಕೇಳಲಿಲ್ಲ, ಯಾರೂ ದುರಹಂಕಾರ ತೋರಲಿಲ್ಲ. ಯಾರ ಬಳಿಯೂ ಬೇಡ ಎನ್ನಲು ಕಾರಣವಿರಲಿಲ್ಲ, ಆಗಲಿ ಎನ್ನಲು ಆದೇಶವಿರಲಿಲ್ಲ. ಆ ಆದೇಶವನ್ನೇ ನಾನು ಕೇಳುತ್ತಿರುವುದು. ಪ್ರವೇಶ ಅಧಿಸೂಚನೆ ಹೊರಟ ಮೇಲೆ ಇಷ್ಟು ದಿನದೊಳಗೆ ನಿರಾಕ್ಷೇಪಣಾ ಪತ್ರ ಕೊಡಬೇಕು ಅಥವಾ ಲಿಖಿತ ಕಾರಣ ಕೊಡಬೇಕು ಎಂದು ತಾವು ಮತ್ತು ಶಾಲಾ ಶಿಕ್ಷಣ ಸಚಿವರು ಒಟ್ಟಿಗೆ ಕೂತು ತೀರ್ಮಾನಿಸಿದರೆ ಸಾಕು.

ಕೋರ್ಸ್‌ವರ್ಕ್ ಎಂಬುದೇನೂ ಬೆಟ್ಟವಲ್ಲ. ನಿಯಮ ಕೇಳುವುದು ಕನಿಷ್ಠ 12 ಕ್ರೆಡಿಟ್, ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆಯ ಪಾಠವೂ ಅದರಲ್ಲಿ ಸೇರಿದೆ. ತರಗತಿಯ ಲೆಕ್ಕದಲ್ಲಿ ಸುಮಾರು 180 ಗಂಟೆ. ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೆ, ಅಕ್ಟೋಬರಿನ ದಸರಾ ರಜೆ, ಇವೆರಡರಲ್ಲಿ ಹಂಚಿದರೆ ಒಬ್ಬ ಮಗುವಿನ ಒಂದು ಪಾಠವೂ ತಪ್ಪುವುದಿಲ್ಲ. (ರಜೆಯಲ್ಲಿ ನಮ್ಮನ್ನು ಬೇರೆ ಕೆಲಸಕ್ಕೆ ಹಚ್ಚದಿದ್ದರೆ, ಎಂದು ಸೇರಿಸಬೇಕು. 2025ರ ದಸರಾ ರಜೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತುವುದರಲ್ಲಿ ಕಳೆಯಿತು.) ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಕರಿಕೆ, ಕುಟ್ಟ, ಭಾಗಮಂಡಲದ ಕಡೆಯವರಿಗೆ ಮಡಿಕೇರಿಯೇ ದೂರ. ವಾರಕ್ಕೊಮ್ಮೆ ಮೈಸೂರಿಗೋ ಮಂಗಳೂರಿಗೋ ಬನ್ನಿ ಎಂದರೆ ಮನೆಯಲ್ಲಿ ಚಿಕ್ಕ ಮಕ್ಕಳಿರುವ ಶಿಕ್ಷಕಿ ಅರ್ಜಿಯನ್ನೇ ಹಾಕುವುದಿಲ್ಲ. ಮಹಿಳೆಯರಿಗೆ ಪಿಎಚ್.ಡಿ. ಅವಧಿಯಲ್ಲಿ ಹೆಚ್ಚುವರಿ 2 ವರ್ಷ, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಎಂದು ನಿಯಮಾವಳಿ ಉದಾರವಾಗಿಯೇ ಇದೆ. ಆ ಉದಾರತೆ ಒಳಗೆ ಬಂದವರಿಗೆ.

ಹಾಗಾದರೆ ಪೂರ್ವಸಿದ್ಧತಾ ವರ್ಷ ಹೇಗಿರಬೇಕು? ಜಾಗ ನಮ್ಮಲ್ಲಿದೆ. ಕೂಡಿಗೆಯಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ, ಅದೇ ಕಡೆ ಕುಶಾಲನಗರದ ಮಗ್ಗುಲಿನ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನ ಕಾವೇರಿ ಆವರಣ ಈಗ ಕೊಡಗು ವಿಶ್ವವಿದ್ಯಾಲಯವಾಗಿದೆ. 2023ರಲ್ಲಿ ಶುರುವಾದ ಈ ಪುಟ್ಟ ವಿಶ್ವವಿದ್ಯಾಲಯವನ್ನು ಉಳಿಸಬೇಕೋ ಬೇಡವೋ ಎಂಬ ಚರ್ಚೆ ಎರಡೇ ವರ್ಷಕ್ಕೆ ಎದ್ದದ್ದು ತಮಗೆ ಗೊತ್ತಿರುವ ವಿಷಯ. ದೊಡ್ಡ ವಿಶ್ವವಿದ್ಯಾಲಯಗಳ ಸಣ್ಣ ಪಡಿಯಚ್ಚಾಗಿ ಉಳಿಯುವುದು ಅದಕ್ಕೆ ಕಷ್ಟ. ಜಿಲ್ಲೆಯ ಶಾಲೆಗಳನ್ನೇ ತನ್ನ ಪ್ರಯೋಗಶಾಲೆ ಮಾಡಿಕೊಂಡರೆ ಅದು ಬೇಡ ಎನ್ನುವವರಿಗೂ ಉತ್ತರ ಸಿಗುತ್ತದೆ.

ಆ ವರ್ಷದಲ್ಲಿ ನಾಲ್ಕೇ ಕೆಲಸ ನಡೆದರೂ ಸಾಕು. ಇಂಗ್ಲಿಷಿನ ಸಂಶೋಧನಾ ಲೇಖನವನ್ನು ಓದಿ ಕನ್ನಡದಲ್ಲಿ ಚರ್ಚಿಸುವುದು, ತಿಂಗಳಿಗೆ ಎರಡು ಬಾರಿ, ಶನಿವಾರ ಮಧ್ಯಾಹ್ನ. ಹಾಜರಿ, ಅಂಕ, ದಾಖಲಾತಿಯಂಥ ನಮ್ಮದೇ ಅಂಕಿಅಂಶಗಳ ಮೇಲೆ ಸರಾಸರಿ, ವ್ಯತ್ಯಾಸ, ಸಹಸಂಬಂಧ ಲೆಕ್ಕಹಾಕಲು ಕಲಿಯುವುದು. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯಲ್ಲಿ ಸಂಶೋಧನಾ ವಿಧಾನದ ಪಾಠಗಳು ಉಚಿತವಾಗಿ ಸಿಗುತ್ತವೆ, ಅವನ್ನು ಕೂತು ಒಟ್ಟಿಗೆ ನೋಡುವ ಗುಂಪು ಬೇಕು ಅಷ್ಟೇ. ಮಕ್ಕಳ ಬಗ್ಗೆ ಬರೆಯುವಾಗ ಯಾರ ಒಪ್ಪಿಗೆ ಪಡೆಯಬೇಕು ಎಂಬುದು ಮೂರನೆಯದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು. ಅಕ್ಷರ ಬಾರದ ಯರವ ತಾಯಿಯ ಮುಂದೆ ಒಪ್ಪಿಗೆ ಪತ್ರ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯೇ? ಆಕೆಯ ಮಗುವಿಗೆ ಅಂಕ ಕೊಡುವವಳೂ ನಾನೇ, ಅಧ್ಯಯನ ಮಾಡುವವಳೂ ನಾನೇ ಆಗಿರುವಾಗ ಆಕೆ ಬೇಡ ಎನ್ನಬಲ್ಲಳೇ? ಹೊರಗಿನಿಂದ ಬರುವ ಸಂಶೋಧಕರಿಗೆ ಈ ಇಕ್ಕಟ್ಟು ಇಷ್ಟಿಲ್ಲ. ಶಿಕ್ಷಕಿಯೇ ಸಂಶೋಧಕಿಯಾದಾಗ ಇದನ್ನು ಬಗೆಹರಿಸಿಕೊಳ್ಳದೆ ಒಂದು ಹೆಜ್ಜೆಯೂ ಇಡುವಂತಿಲ್ಲ, ಹಾಗಾಗಿ ಪ್ರವೇಶಕ್ಕೆ ಮೊದಲೇ ಇದನ್ನು ಕಲಿಯಬೇಕು. ಕೊನೆಯದು, ತನ್ನ ಶಾಲೆಯ ಒಂದು ಪ್ರಶ್ನೆಯ ಮೇಲೆ ಇಪ್ಪತ್ತು ಪುಟದ ವರದಿ.

ಆ ವರದಿಗೆ ಸಂದರ್ಶನದಲ್ಲಿ ಅಂಕ ಸಿಗಬೇಕು. ಇದಕ್ಕೆ ದೆಹಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ. ಸಂದರ್ಶನದಲ್ಲಿ ಏನನ್ನು ನೋಡಬೇಕು ಎಂಬುದನ್ನು ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತು ಸ್ಪಷ್ಟವಾಗಿ ಬರೆದಿಡಬಹುದು. ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ ಎಂದು ಅಧಿಸೂಚನೆಯಲ್ಲೇ ಹೇಳಬಹುದು. ಶೇ 55ರ ಗೆರೆಯನ್ನು ಮಾತ್ರ ವಿಶ್ವವಿದ್ಯಾಲಯ ತಾನಾಗಿ ಅಳಿಸಲಾಗದು. ಹೊಸ ಹೆಸರಿನ ಪದವಿಯನ್ನೂ ತಾನಾಗಿ ಕೊಡಲಾಗದು, ಯುಜಿಸಿ ಕಾಯ್ದೆಯ 22ನೇ ವಿಧಿಯಂತೆ ಆಯೋಗ ಅಧಿಸೂಚಿಸಿದ ಪದವಿಗಳನ್ನಷ್ಟೇ ಕೊಡಬೇಕು. ಆ ಎರಡು ವಿಷಯಗಳನ್ನು ಯುಜಿಸಿಯ ಮುಂದೆ ಒಯ್ಯುವುದು ತಮ್ಮಿಂದ, ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನಿಂದ ಆಗಬೇಕಾದ ಕೆಲಸ. ಅನುಭವಕ್ಕೆ ತೂಕ ಕೊಡುವ ವಿಚಾರ ದೆಹಲಿಗೂ ಹೊಸದಲ್ಲ. ಎನ್‌ಸಿಟಿಇ ಎಂಬ, ಶಿಕ್ಷಕರ ತರಬೇತಿಯ ನಿಯಮ ರೂಪಿಸುವ ಕೇಂದ್ರ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಕರಡಿನಲ್ಲಿ ಕೆಲಸದಲ್ಲಿರುವವರಿಗೆಂದೇ ಅರೆಕಾಲಿಕ ಎಂ.ಎಡ್. ಪ್ರಸ್ತಾಪವಿತ್ತು.

ಮಾರ್ಗದರ್ಶಕರು ಎಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತ ಹೆಚ್ಚು ಸಂಶೋಧಕರನ್ನು ತೆಗೆದುಕೊಳ್ಳುವಂತಿಲ್ಲ, ಮಾರ್ಗದರ್ಶಕರು ಕಾಯಂ ಅಧ್ಯಾಪಕರೇ ಆಗಿರಬೇಕು. ಅತಿಥಿ ಉಪನ್ಯಾಸಕರನ್ನು ನಂಬಿ ವಿಭಾಗ ನಡೆಸಿದರೆ ಒಬ್ಬ ಸಂಶೋಧಕಿಗೂ ಜಾಗವಿಲ್ಲ. ಹುದ್ದೆ ತುಂಬಿ ಎಂದು ಬೇರೆಯಾಗಿ ಹೇಳಬೇಕೇ? ಅಲ್ಲಿಯವರೆಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆಗಳಿಂದ ಸಹ ಮಾರ್ಗದರ್ಶಕರನ್ನು ಕರೆತರಲು ನಿಯಮದಲ್ಲಿ ಆಸ್ಪದವಿದೆ.

ಡಾಕ್ಟರೇಟ್ ಆದ ಮೇಲೆ ನೀವು ಶಾಲೆ ಬಿಟ್ಟು ಕಾಲೇಜಿಗೆ ಹಾರುತ್ತೀರಿ ಎಂದು ಒಬ್ಬ ಹಿರಿಯ ಅಧಿಕಾರಿ ನನಗೆ ನಗುತ್ತ ಹೇಳಿದರು. ಕೆಲವರು ಹಾರುತ್ತಾರೆ. ಹಾರಿದವರು ಬಿ.ಎಡ್. ಕಾಲೇಜಿನಲ್ಲಿ ಮುಂದಿನ ಶಿಕ್ಷಕರಿಗೆ ಪಾಠ ಮಾಡುತ್ತಾರೆ, ಲೈನ್ ಮನೆಯ ಮಕ್ಕಳ ಹಾಜರಿ ಪುಸ್ತಕ ಓದುವುದು ಹೇಗೆಂದು ಬಲ್ಲವರು ಅಲ್ಲಿದ್ದರೆ ನಷ್ಟ ಯಾರಿಗೆ? ಉಳಿದವರು ಇಲ್ಲೇ ಇರುತ್ತಾರೆ.

ಇದೇ ಪತ್ರದಲ್ಲಿ ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ಒಂದೇ ವರ್ಷದಲ್ಲಿ, ಮನೆಯಲ್ಲೇ ಕೂತು, ವಿದೇಶಿ ಡಾಕ್ಟರೇಟ್ ಎಂಬ ಜಾಹೀರಾತುಗಳು ಮೊಬೈಲಿಗೆ ಬರುತ್ತಿವೆ. ನಮ್ಮ ದೇಶದಲ್ಲಿ ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ಪಿಎಚ್.ಡಿ. ಮಾಡುವಂತಿಲ್ಲ ಎಂದು ನಿಯಮ ನೇರವಾಗಿ ಹೇಳುತ್ತದೆ. ವಿದೇಶಿ ಪದವಿಗೆ ಇಲ್ಲಿ ಸಮಾನತೆ ಸಿಗುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲು ಲಿಖಿತವಾಗಿ ಕೇಳಿಕೊಳ್ಳಿ. ಹೆಸರಿನ ಹಿಂದೆ ಡಾ. ಹಾಕಿಕೊಳ್ಳುವ ಆಸೆಯಷ್ಟೇ ಇದ್ದರೆ ಗೌರವ ಡಾಕ್ಟರೇಟಿಗೆ ಪ್ರವೇಶ ಪರೀಕ್ಷೆಯೂ ಇಲ್ಲ, ನಿರಾಕ್ಷೇಪಣಾ ಪತ್ರವೂ ಬೇಡ.

ಮಾನ್ಯರೇ, ಮುಂದಿನ ಬೇಸಿಗೆ ರಜೆಗೆ ಪೂರ್ವಸಿದ್ಧತಾ ತರಗತಿಯ ಮೊದಲ ತಂಡ ಕೂಡಿಗೆಯಲ್ಲಿ ಕೂರಬೇಕೆಂದರೆ ಈ ಕೊಯ್ಲು ಮುಗಿಯುವುದರೊಳಗೆ ಆದೇಶ ಹೊರಡಬೇಕು. ಮೊದಲ ವರ್ಷ ಐದು ತಾಲ್ಲೂಕಿನಿಂದ ನಾಲ್ಕು ನಾಲ್ಕು ಶಿಕ್ಷಕರು ಬಂದರೂ ಇಪ್ಪತ್ತು ಮಂದಿಯಾಗುತ್ತಾರೆ. ಗೌರವಧನ ಬೇಡ, ಪ್ರಯಾಣ ಭತ್ಯೆಯೂ ಬೇಡ. ಅನ್ಯ ಕಾರ್ಯ ನಿಮಿತ್ತ ಎಂದು ಹಾಜರಿಯಲ್ಲಿ ಬರೆಯಲು ಅವಕಾಶ, ಒಂದು ಕೊಠಡಿ, ಗ್ರಂಥಾಲಯದ ಲಾಗಿನ್, ಇಷ್ಟು ಕೊಡಿ. ನನ್ನ ಸಹೋದ್ಯೋಗಿಯ ನೋಟ್‌ಬುಕ್‌ಗಳ ಕೆಲವು ಪುಟಗಳ ನಕಲನ್ನು, ಮಕ್ಕಳ ಹೆಸರು ಮರೆಮಾಡಿ, ಅವರ ಅನುಮತಿ ಪಡೆದು ಈ ಪತ್ರದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಶಿಕ್ಷಣಶಾಸ್ತ್ರ ಬಲ್ಲ ಯಾರಾದರೊಬ್ಬರಿಗೆ ತೋರಿಸಿ.

ಹೆಸರು ಹಾಕದಿರುವುದಕ್ಕೆ ಕ್ಷಮೆ ಇರಲಿ, ಸರ್ಕಾರಿ ನೌಕರರ ನಡತೆ ನಿಯಮಗಳನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಅಂಚೆಯಲ್ಲಿ ಬಂದ ಪ್ರತಿಯಲ್ಲಿ ಹೆಸರು, ವಿಳಾಸ ಎರಡೂ ಇವೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ,
ವಿರಾಜಪೇಟೆ ತಾಲ್ಲೂಕು, ಕೊಡಗು